ಕರಡು ತಿದ್ದುವವನ ಕಪಾಟು

ನನ್ನ ಹೊಟ್ಟೆಪಾಡು ಕರಡು ತಿದ್ದುವುದು. ಪ್ರಕಾಶಕರು ಕಳಿಸಿದ ಪುಟಗಳಲ್ಲಿ ತಪ್ಪು ಹುಡುಕಿ, ಕೆಂಪು ಗುರುತು ಹಾಕಿ ವಾಪಸ್ ಕೊಡುತ್ತೇನೆ. 'ನಿಮಗೇನ್ರಿ, ದಿನವಿಡೀ ಓದೋದೇ ಕೆಲಸ' ಅಂತ ಪರಿಚಯದವರು ಹೊಟ್ಟೆಕಿಚ್ಚು ಪಡುತ್ತಾರೆ. ಅವರಿಗೆ ಹೇಗೆ ಹೇಳೋದು? ಕರಡು ನೋಡುವಾಗ ನಾನು ಓದುವುದೇ ಇಲ್ಲ. ಓದಿದರೆ ಕೆಲಸ ಕೆಡುತ್ತದೆ.

ಕಥೆ ಚೆನ್ನಾಗಿದ್ದಷ್ಟೂ ಅಪಾಯ ಜಾಸ್ತಿ. ಮುಂದೇನಾಯ್ತು ಅಂತ ಮನಸ್ಸು ಓಡಿತೋ, ಕಣ್ಣು ಅಕ್ಷರ ಬಿಟ್ಟು ಪದವನ್ನು ಊಹಿಸಿಕೊಳ್ಳಲು ಶುರು ಮಾಡುತ್ತದೆ. 'ಥ'ಕ್ಕೂ 'ಧ'ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕೆ. 'ಅವನಿಗೆ ಎಲ್ಲ ಅರ್ಧವಾಯಿತು' ಎಂದಿದ್ದರೂ ಸರಾಗವಾಗಿ ದಾಟಿಬಿಡುತ್ತೇವೆ. 'ಮ' ಮತ್ತು 'ವು' ಇನ್ನೂ ಮೋಸ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸಿದ ಪುಟಗಳಾದರೆ ಮುಗಿಯಿತು, ಅರ್ಕಾವತ್ತು, ಒತ್ತಕ್ಷರಗಳು ಯಾರದೋ ಮನೆಗೆ ಹೋಗಿ ಕೂತಿರುತ್ತವೆ. ಅದಕ್ಕೇ ಅನುಮಾನ ಬಂದ ಪುಟವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ನೋಡುತ್ತೇನೆ. ಆಗ ಕಥೆ ಇರುವುದಿಲ್ಲ, ಬರೀ ಅಕ್ಷರ ಇರುತ್ತದೆ. ಆಮೇಲೆ ಪುಟಸಂಖ್ಯೆಗಳನ್ನಷ್ಟೇ ನೋಡುವ ಒಂದು ಸುತ್ತು, ಅಧ್ಯಾಯಗಳ ಹೆಸರನ್ನು ಪರಿವಿಡಿಯ ಜೊತೆ ಹೋಲಿಸುವ ಇನ್ನೊಂದು ಸುತ್ತು. ಇಷ್ಟೆಲ್ಲ ಮಾಡಿ ಕೊಟ್ಟ ಕಾದಂಬರಿ ಹೇಗಿದೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಈ ಚಾಳಿ ಅಂಗಡಿಗೂ ಹಿಂಬಾಲಿಸುತ್ತದೆ. ಪುಸ್ತಕ ಕೈಗೆತ್ತಿಕೊಂಡರೆ ಎಲ್ಲರೂ ಬೆನ್ನುಡಿ ನೋಡುತ್ತಾರೆ. ನಾನು ಬೆಲೆ, ಕಾಗದದ ವಿವರ ಇರುವ ಪುಟ ತೆರೆಯುತ್ತೇನೆ. ಪುಸ್ತಕದ ಅಳತೆ ಡೆಮಿ 1/8, 70 ಜಿಎಸ್‌ಎಂ ಕಾಗದ, ಪ್ರತಿಗಳು: 1000. ಎಷ್ಟು ಪ್ರತಿ ಅಚ್ಚಾಯಿತು ಅಂತ ನಮ್ಮ ಪುಸ್ತಕಗಳು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತವೆ, ನೋಡಿ. ಮೊದಲ ಮುದ್ರಣಕ್ಕೂ ಎರಡನೆಯದಕ್ಕೂ ನಡುವೆ ಇಪ್ಪತ್ತು ಮೂವತ್ತು ವರ್ಷ ಕಂಡರೆ ಅಯ್ಯೋ ಪಾಪ ಅನ್ನಿಸಿ ಕೊಂಡುಬಿಡುತ್ತೇನೆ. ಹೀಗೆ ಕೊಂಡವುಗಳಲ್ಲಿ ಎಷ್ಟೋ ಒಳ್ಳೆಯ ಪುಸ್ತಕಗಳು ಸಿಕ್ಕಿವೆ.

ಆದರೆ ನನ್ನ ಕಸುಬಿನ ಕಣ್ಣು ಪೂರ್ತಿ ಸೋಲುವ ಒಂದು ಪುಸ್ತಕ ಇದೆ. ಕುಮಾರವ್ಯಾಸನ ಭಾರತ. ಅದರ ಮೊದಲ ಪದ್ಯವನ್ನೇ ನೋಡಿ:

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ...

'ರಾಜೀವ' ಎರಡು ತುಂಡು. 'ಅತಿಪಾವನನೆ' ಎರಡು ತುಂಡು. ಇನ್ಯಾವ ಪುಸ್ತಕದಲ್ಲಾದರೂ ಕೆಂಪು ಪೆನ್ನು ತಾನಾಗಿಯೇ ಮೇಲೆದ್ದುಬಿಡುತ್ತಿತ್ತು. ಇಲ್ಲಿ ತಪ್ಪೇನೂ ಇಲ್ಲ. ಭಾಮಿನಿ ಷಟ್ಪದಿಯಲ್ಲಿ ಮೊದಲ ಎರಡು ಸಾಲುಗಳಿಗೆ ತಲಾ 14 ಮಾತ್ರೆ, ಮೂರನೆಯದಕ್ಕೆ 23. ಮಾತ್ರೆ ತುಂಬಿತು, ಸಾಲು ಮುಗಿಯಿತು. ಪದ ಎಲ್ಲಿ ಮುರಿದರೂ ಛಂದಸ್ಸಿಗೆ ಚಿಂತೆಯಿಲ್ಲ. ಕಣ್ಣಲ್ಲಿ ಓದುವವನಿಗೆ ಪ್ರತಿ ಸಾಲಿಗೂ ಮುಗ್ಗರಿಸಿದ ಹಾಗಾಗುತ್ತದೆ. ಕಾವ್ಯವನ್ನು ರಾಗವಾಗಿ ಓದುವ ಗಮಕಿಯ ಬಾಯಲ್ಲಿ ಅದೇ ಪದ್ಯ ಕೇಳಿ. ಪದ ಎಲ್ಲಿ ಕೂಡಬೇಕೋ ಅಲ್ಲಿ ಕೂಡುತ್ತದೆ, ನಿಲ್ಲಬೇಕಾದಲ್ಲಿ ರಾಗ ನಿಲ್ಲುತ್ತದೆ.

ನಾನು ಶಿವಮೊಗ್ಗದ ಕಡೆಯವನು. ಮತ್ತೂರಿನ ಎದುರು, ತುಂಗೆಯ ಆಚೆ ದಡದಲ್ಲಿ ಹೊಸಹಳ್ಳಿ ಇದೆ. ಗಮಕಕ್ಕೇ ಹೆಸರಾದ ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಒಂದು ಪುಸ್ತಕಕ್ಕೆ ಇಬ್ಬರು ಬೇಕು, ಜೊತೆಗೆ ಕೇಳುವ ಊರು ಬೇಕು. ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ, ಕರ್ಣಪರ್ವ ಬರುತ್ತಿತ್ತು. ಅಜ್ಜಿ ಆ ಪುಸ್ತಕ ಓದಿಲ್ಲ ಅಂತ ಹೇಳುವ ಧೈರ್ಯ ನನಗಂತೂ ಇಲ್ಲ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಹಿಡಿದರೆ ಬೇರೆಯೇ ತಯಾರಿ. ಪುಟಗಳು ಏಳುನೂರು ದಾಟುತ್ತವೆ. ಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ, ಒಂದು ನಾಯಿ, ಒಂದಿಷ್ಟು ಮನೆಗಳು. ಯಾರು ಯಾವ ಮನೆಯವರು ಅಂತ ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ, ನಾಚಿಕೆ ಏನಿಲ್ಲ. ಬಸ್ಸಿನಲ್ಲಿ ಐದೈದು ಪುಟ ಓದುವ ಪುಸ್ತಕವಲ್ಲ ಅದು. ಬಸ್ಸಿಗೆ ಪತ್ತೇದಾರಿ ಕಾದಂಬರಿ ಸಾಕು. ಇಳಿಯುವ ಸ್ಟಾಪು ತಪ್ಪಿದರೆ ಅದು ಒಳ್ಳೆಯ ಪತ್ತೇದಾರಿ.

'ಮಂಕುತಿಮ್ಮನ ಕಗ್ಗ'ವನ್ನು ಕಾದಂಬರಿಯ ಹಾಗೆ ಒಂದೇ ಉಸಿರಿಗೆ ಓದಿ ಮುಗಿಸಿದೆ ಎನ್ನುವವರನ್ನು ಕಂಡರೆ ನನಗೆ ಗಾಬರಿ. 945 ಪದ್ಯ! ನಮ್ಮ ಚಿಕ್ಕಮ್ಮ ಬೆಳಿಗ್ಗೆ ಕಾಫಿಯ ಹೊತ್ತಿಗೆ ಎಲ್ಲೋ ಒಂದು ಪುಟ ತೆರೆಯುತ್ತಾರೆ, ಒಂದೇ ಪದ್ಯ ಓದುತ್ತಾರೆ, ಮುಚ್ಚುತ್ತಾರೆ. ಅದೇ ಸರಿ ಅನ್ನಿಸುತ್ತದೆ.

ಕಪಾಟಿನ ಕೆಳಗಿನ ಅಂಕಣ ಪೂರ್ತಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು. ಎಂಟು ಸಂಪುಟ. ಮೊದಲನೆಯದು ಬಂದದ್ದು 1970ರಲ್ಲಿ, ಕೊನೆಯದು 1995ರಲ್ಲಿ. ಕೆಲಸಕ್ಕಾಗಿ ಒಂದು ಪದ ನೋಡಲು ತೆರೆದರೆ ಪಕ್ಕದ ಪದ ಕರೆಯುತ್ತದೆ. ಅದರ ಕೆಳಗೆ ಶಾಸನದಲ್ಲಿ, ಕಾವ್ಯದಲ್ಲಿ ಆ ಪದ ಬಂದಿರುವ ಸಾಲುಗಳು. ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಕಾಸು ಕೊಡುವ ಕೆಲಸ ಅಲ್ಲೇ ಬಿದ್ದಿರುತ್ತದೆ.

ಈಗ ಮೇಜಿನ ಮೇಲಿರುವುದು ಅಡಿಕೆ ಬೆಳೆಗಾರರ ಕೈಪಿಡಿಯೊಂದರ ಎರಡನೇ ಕರಡು. ಇದನ್ನು ಕೊಂಡವರು ಮುನ್ನುಡಿ ಓದುವುದು ಅನುಮಾನ. ಮಳೆಗಾಲದಲ್ಲಿ ಕೊಳೆರೋಗ ಬರುವ ಹೊತ್ತಿಗೆ ತೋಟದ ಶೆಡ್ಡಿನಲ್ಲಿ ನಿಂತು, ಒದ್ದೆ ಕೈಯಲ್ಲಿ, ಆ ರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣದ ಪುಟ ಮಾತ್ರ ತೆರೆಯುತ್ತಾರೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕರಡಿನಲ್ಲಿ 10 ಲೀಟರ್ ಅಂತ ಬಿದ್ದಿದೆ. ಉಳಿದ ಪುಟಗಳ ಅಂಕಿಗಳನ್ನೂ ಕ್ಯಾಲ್ಕುಲೇಟರ್ ಹಿಡಿದು ನೋಡಬೇಕು. ಕಾಗುಣಿತ ಆಮೇಲೆ.