ಮಾತ್ರೆ ಬಿಟ್ಟವರನ್ನು ಗದರಿಸಬಾರದೇಕೆ

ಮನೋರೋಗ ವಾರ್ಡಿನ ಶುಶ್ರೂಷಕಿಯಾಗಿ ನಾನು ಕಲಿತ ಮುಖ್ಯ ಸಂಗತಿಯೆಂದರೆ, ಔಷಧಿ ಬಿಟ್ಟ ರೋಗಿಯನ್ನು ಗದರಿಸಿದರೆ ಅವರು ಅದನ್ನು ಮತ್ತೆ ಸೇವಿಸುವುದಕ್ಕಿಂತ ಬೇಗ, ಬಿಟ್ಟದ್ದನ್ನು ಮುಚ್ಚಿಡಲು ಕಲಿಯುತ್ತಾರೆ. ಕೆಲವು ಔಷಧಿಗಳ ವಿಷಯದಲ್ಲಿ ಹಾಗೆ ಮುಚ್ಚಿಡುವುದು ಪ್ರಾಣಾಪಾಯಕ್ಕೂ ದಾರಿಯಾಗಬಹುದು. ತೀವ್ರ ಮನೋರೋಗಕ್ಕೆ ಕೊಡುವ ಕ್ಲೋಜಪೈನ್ ಎಂಬ ಔಷಧಿಯ ಸೇವನೆ 48 ಗಂಟೆಗಳಿಗಿಂತ ಹೆಚ್ಚು ಕಾಲ ತಪ್ಪಿದ್ದರೆ ಹಳೆಯ ಪ್ರಮಾಣವನ್ನೇ ಕೊಡುವಂತಿಲ್ಲ, 12.5 ಮಿಲಿಗ್ರಾಂನಿಂದ ಆರಂಭಿಸಿ ಹಂತಹಂತವಾಗಿ ಏರಿಸಬೇಕು, ಇಲ್ಲವಾದರೆ ರಕ್ತದೊತ್ತಡ ಕುಸಿಯಬಹುದು, ಫಿಟ್ಸ್ ಕೂಡ ಬರಬಹುದು. ಬೈಗುಳಕ್ಕೆ ಹೆದರಿ "ದಿನಾ ತಗೊಳ್ತಿದ್ದೀನಿ ಸಿಸ್ಟರ್" ಎಂದವರ ಮಾತು ನಂಬಿ ಪೂರ್ಣ ಪ್ರಮಾಣ ಕೊಟ್ಟರೆ, ಆ ಅಪಾಯದಲ್ಲಿ ನಮ್ಮ ಬಿರುಸು ದನಿಯ ಪಾಲೂ ಇರುತ್ತದೆ.

ಆದ್ದರಿಂದ "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಎಂದು ನಾನು ಕೇಳುವುದಿಲ್ಲ, ಆ ಪ್ರಶ್ನೆಗೆ ಸಾಮಾನ್ಯವಾಗಿ ಹೌದೆಂಬ ಉತ್ತರವಷ್ಟೇ ಬರುತ್ತದೆ. ದಿನವೂ ಮಾತ್ರೆ ನುಂಗುವುದು ಬಹಳ ಜನರಿಗೆ ಕಷ್ಟ ಎಂದು ಮೊದಲೇ ಹೇಳಿ, ಕಳೆದ ವಾರ ಯಾವ ಯಾವ ದಿನ ತಪ್ಪಿತು ಎಂದು ವಿಚಾರಿಸಿದರೆ, ಎದುರಿಗಿರುವವರ ಭುಜ ಸಡಿಲವಾಗಿ ನಿಜಸಂಗತಿ ಹೊರಬರುತ್ತದೆ.

ಹೊರಬರುವ ಕಾರಣಗಳಲ್ಲಿ ಹಟಮಾರಿತನ ಅಪರೂಪ. ಮನೋರೋಗದ ಇನ್ನೊಂದು ಔಷಧಿಯಾದ ಹ್ಯಾಲೋಪೆರಿಡಾಲ್ ಬೇಡವೆನ್ನುತ್ತಿದ್ದ ಒಬ್ಬ ಯುವಕ ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇದ್ದ. ಕೂರಿಸಿದರೆ ಎರಡು ನಿಮಿಷದಲ್ಲಿ ಏಳುತ್ತಿದ್ದ, ನಿಂತು ಮಾತಾಡುವಾಗಲೂ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದ. ಕಾಯಿಲೆ ಉಲ್ಬಣಿಸಿದೆಯೆಂದು ಹಲವರು ಭಾವಿಸಿದ್ದರು. ಆ ಮಾತ್ರೆ ನುಂಗಿದ ಮೇಲೆ ಒಳಗಿನಿಂದ ಯಾರೋ ಅಟ್ಟಿದಂತಾಗುತ್ತದೆ ಎಂದು ಅವನೇ ವಿವರಿಸಿದಾಗ, ಅದು ಅಕಥೀಸಿಯಾ, ಅಂದರೆ ಸುಮ್ಮನೆ ಕೂರಲು ಬಿಡದ ಒಳಚಡಪಡಿಕೆ ಎಂಬ ಔಷಧಿಯ ಅಡ್ಡಪರಿಣಾಮವಿರಬಹುದೆಂದು ವೈದ್ಯರಿಗೆ ತಿಳಿಸಿದೆ. ಅವರು ಪರೀಕ್ಷಿಸಿ ಪ್ರಮಾಣ ಇಳಿಸಿ, ಆ ಚಡಪಡಿಕೆ ತಗ್ಗಿಸಲು ಪ್ರೊಪ್ರನೊಲಾಲ್ ಎಂಬ ಮಾತ್ರೆ ಸೇರಿಸಿದ ಬಳಿಕ ಅವನು ನಿರಾಕರಿಸಲಿಲ್ಲ. ಇದನ್ನು ಕಾಯಿಲೆಯೆಂದೇ ತಿಳಿದು ಔಷಧಿ ಹೆಚ್ಚಿಸಿದ್ದರೆ ಅವನ ಸಂಕಟವೂ ಹೆಚ್ಚುತ್ತಿತ್ತು.

ತನಗೆ ಕಾಯಿಲೆಯೇ ಇಲ್ಲ ಎನ್ನುವವರ ಜೊತೆ ವಾದಕ್ಕಿಳಿಯುವುದು ವ್ಯರ್ಥ, ಏಕೆಂದರೆ ಎಷ್ಟೋ ಸಲ ಆ ಅರಿವಿನ ಕೊರತೆ ಕಾಯಿಲೆಯದೇ ಭಾಗ. ನಿದ್ರೆ, ಕೆಲಸಕ್ಕೆ ಮರಳುವುದು, ಮಕ್ಕಳನ್ನು ನೋಡುವುದು, ಹೀಗೆ ಅವರಿಗೆ ಬೇಕಾದದ್ದರಿಂದಲೇ ಮಾತು ಆರಂಭಿಸಬೇಕು. ವಿಷ ಬೆರೆಸುತ್ತಾರೆಂಬ ಶಂಕೆಯಿರುವವರ ಎದುರಿಗೇ ಸ್ಟ್ರಿಪ್ ಒಡೆದು, ಹೆಸರು ಓದಲು ಬಿಡುತ್ತೇನೆ. ಊಟದಲ್ಲಿ ಗುಟ್ಟಾಗಿ ಬೆರೆಸಲು ಮನೆಯವರು ಕೇಳಿದಾಗ ಅವರ ಆಯಾಸ ನನಗೆ ಅರ್ಥವಾಗುತ್ತದೆ, ಆದರೂ ಒಪ್ಪುವುದಿಲ್ಲ. ಒಮ್ಮೆ ಗೊತ್ತಾದರೆ ಮಾತ್ರೆಯ ಜೊತೆ ಊಟವನ್ನೂ ಅವರು ದೂರ ತಳ್ಳುತ್ತಾರೆ. ಕೆಲವು ವಾರಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಕೆಲವರಿಗೆ ಅನುಕೂಲ, ಆದರೆ ಅದನ್ನು ಆಯ್ಕೆಯಾಗಿ ಮುಂದಿಡಬೇಕೇ ಹೊರತು ಶಿಕ್ಷೆಯ ಬೆದರಿಕೆಯಾಗಿ ಅಲ್ಲ.

ಇಷ್ಟಾದರೂ ಬೇಡವೆಂದರೆ, ಅವರು ಕೊಟ್ಟ ಕಾರಣವನ್ನು ಅವರದೇ ಮಾತಿನಲ್ಲಿ ಕೇಸ್‌ಶೀಟಿನಲ್ಲಿ ಬರೆದು ವೈದ್ಯರಿಗೆ ತಿಳಿಸುತ್ತೇನೆ; ಆತ್ಮಹತ್ಯೆಯ ಯೋಚನೆಯ ಸುಳಿವಿದ್ದರೆ ಒಂದು ಕ್ಷಣವೂ ತಡಮಾಡದೆ, ಅವರ ಪಕ್ಕದಲ್ಲೇ ಇದ್ದು, ಕರೆ ಕಳುಹಿಸುತ್ತೇನೆ.