ಬುಡಾಪೆಸ್ಟ್‌ನಲ್ಲಿ ಸೇತುವೆ ಎಣಿಸುವ ಗೆಳತಿ

ಬುಡಾಪೆಸ್ಟ್‌ಗೆ ಹೋಗುವವರು ರೂಮು ಹುಡುಕುವ ಮೊದಲೇ ಒಂದು ವಿಷಯ ತೀರ್ಮಾನಿಸಬೇಕು. ಡ್ಯಾನ್ಯೂಬ್ ನದಿಯ ಯಾವ ದಡ? ಪಶ್ಚಿಮಕ್ಕೆ ಬುಡಾ. ಗುಡ್ಡ, ಅರಮನೆ, ಕಲ್ಲು ಹಾಸಿದ ಓಣಿಗಳು, ಕತ್ತಲಾದರೆ ಜನ ಕಾಣುವುದಿಲ್ಲ. ಪೂರ್ವಕ್ಕೆ ಪೆಸ್ಟ್. ಸಮತಟ್ಟಾದ ನೆಲ, ಅಗಲ ರಸ್ತೆ, ಟ್ರಾಮು, ಅಂಗಡಿ, ತಡರಾತ್ರಿವರೆಗೂ ಗಲಾಟೆ. 1873ರಲ್ಲಿ ಬುಡಾ, ಓಬುಡಾ, ಪೆಸ್ಟ್ ಮೂರನ್ನೂ ಸೇರಿಸಿ ಒಂದೇ ನಗರ ಮಾಡಿದರು. ಅಲ್ಲಿವರೆಗೆ ಅವು ಬೇರೆ ಬೇರೆ ಊರುಗಳೇ. ಊಟ, ಟ್ರಾಮು ಎರಡೂ ಹತ್ತಿರ ಅಂತ ನಾನು ಪೆಸ್ಟ್ ಕಡೆ ವಾಲಿದೆ. ಗೆಳತಿ ಮಾತ್ರ, "ಯಾವ ದಡ ಆದ್ರೂ ಸರಿ ಮಾರಾಯ್ತಿ, ಸೇತುವೆ ಹತ್ತಿರ ಇರ್ಬೇಕು" ಅಂದಳು.

ಅವಳು ಶಿವಮೊಗ್ಗದವಳು, ಸ್ಟ್ರಕ್ಚರಲ್ ಇಂಜಿನಿಯರ್. ಈಗ ವಿಯೆನ್ನಾದಲ್ಲಿ ಕೆಲಸ. ಅಲ್ಲಿಂದ ಬುಡಾಪೆಸ್ಟ್‌ಗೆ ರೈಲಿನಲ್ಲಿ ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಎರಡು ಊರಿಗೂ ಒಂದೇ ನದಿ. ಆದರೆ ವಿಯೆನ್ನಾ ತನ್ನ ನದಿಗೆ ಬೆನ್ನು ಹಾಕಿ ಕೂತಿದೆ, ಹಳೇ ಪಟ್ಟಣದಿಂದ ಮುಖ್ಯ ಹೊಳೆ ಕಾಣುವುದೇ ಇಲ್ಲ. ಬುಡಾಪೆಸ್ಟ್‌ನಲ್ಲಿ ದೊಡ್ಡದು, ಚೆಂದದ್ದು ಅನ್ನುವುದೆಲ್ಲ ನದಿಗೆ ಮುಖ ಮಾಡಿ ನಿಂತಿದೆ. ಹಾಗಾಗಿ ಊರು ನೋಡಲು ಒಳ್ಳೆಯ ಜಾಗ ನದಿಯ ನಟ್ಟನಡುವೆ, ಅಂದರೆ ಸೇತುವೆ ಮೇಲೆ. ಇದು ಅವಳ ವಾದ. ಮೊದಲ ಬೆಳಿಗ್ಗೆಯೇ ನಾನೂ ಒಪ್ಪಿಕೊಂಡೆ.

ಶುರು ಮಾಡಿದ್ದು ಚೈನ್ ಬ್ರಿಜ್‌ನಿಂದ. ಅದರ ಹಿಂದೊಂದು ಕಥೆ ಇದೆ. 1820ರ ಚಳಿಗಾಲದಲ್ಲಿ ಕೌಂಟ್ ಇಷ್ಟ್ವಾನ್ ಸೆಚೆನಿಗೆ ತಂದೆ ತೀರಿಕೊಂಡ ಸುದ್ದಿ ಬಂತು. ನದಿ ದಾಟಲಾಗದೆ ಅವನು ಒಂದು ವಾರ ದಡದಲ್ಲೇ ಕಾಯಬೇಕಾಯಿತು. ಆಗ ಇದ್ದದ್ದು ದೋಣಿಗಳನ್ನು ಸಾಲಾಗಿ ಕಟ್ಟಿ ಹಲಗೆ ಹಾಸಿದ ಸೇತುವೆ. ಚಳಿಗಾಲದಲ್ಲಿ ಹಿಮದ ಗಡ್ಡೆಗಳು ತೇಲಿ ಬಂದರೆ ಅದನ್ನು ಬಿಚ್ಚಿ ಇಡುತ್ತಿದ್ದರು. ಕಾಯಂ ಸೇತುವೆ ಬೇಕೇ ಬೇಕು ಅಂತ ಸೆಚೆನಿ ಬೆನ್ನು ಹತ್ತಿದ. ಇಂಗ್ಲೆಂಡಿನ ವಿಲಿಯಂ ಟಿಯರ್ನಿ ಕ್ಲಾರ್ಕ್ ನಕ್ಷೆ ಮಾಡಿದ. ಸ್ಕಾಟ್ಲೆಂಡಿನ ಆಡಂ ಕ್ಲಾರ್ಕ್ ಸ್ಥಳದಲ್ಲಿದ್ದು ಕಟ್ಟಿಸಿದ. ಹೆಸರು ಒಂದೇ ಆದರೂ ಇಬ್ಬರೂ ನೆಂಟರಲ್ಲ. 1849ರಲ್ಲಿ ಸೇತುವೆ ತೆರೆಯಿತು.

ನನಗೆ ಹಿಡಿಸಿದ್ದು ಸುಂಕದ ವಿಷಯ. ಆಗಿನ ಹಂಗೇರಿಯಲ್ಲಿ ಜಮೀನ್ದಾರಿ ಮನೆತನದವರು ತೆರಿಗೆ ಕಟ್ಟುತ್ತಿರಲಿಲ್ಲ. ಈ ಸೇತುವೆ ದಾಟಲು ಮಾತ್ರ ದೊಡ್ಡವರು ಚಿಕ್ಕವರು ಅನ್ನದೆ ಎಲ್ಲರೂ ದುಡ್ಡು ಕೊಡಬೇಕು ಅಂತ ಮಾಡಿದರು. ಅದಕ್ಕೆ ವಿರೋಧ ಬಾರದೆ ಇರುತ್ತದೆಯೇ? ಬಂತು. ಆದರೂ ನಿಯಮ ಉಳಿಯಿತು.

ಗೆಳತಿಯ ಕಣ್ಣು ಬೇರೆ ಕಡೆ ಇತ್ತು. "ಇದ್ರಲ್ಲಿ ವೈರಿನ ಹಗ್ಗ ಇಲ್ಲ, ನೋಡು" ಅಂತ ಬೆರಳು ತೋರಿಸಿದಳು. ಉದ್ದುದ್ದ ಕಬ್ಬಿಣದ ಪಟ್ಟಿಗಳು, ತುದಿಯಲ್ಲಿ ತೂತು, ತೂತಿಗೆ ದಪ್ಪ ಪಿನ್ನು. ಸೈಕಲ್ ಚೈನಿನ ಹಾಗೆ ಒಂದಕ್ಕೊಂದು ಕೊಂಡಿ. ನಡುವಿನ ಅಂಕಣವೇ 202 ಮೀಟರ್. ಎರಡೂ ತುದಿಯಲ್ಲಿ ಕಲ್ಲಿನ ಸಿಂಹಗಳು. ಶಿಲ್ಪಿ ಅವಕ್ಕೆ ನಾಲಿಗೆ ಮಾಡಲು ಮರೆತ ಅಂತ ಊರವರು ತಮಾಷೆ ಮಾಡುತ್ತಾರೆ. ನಾಲಿಗೆ ಇದೆ, ಕೆಳಗೆ ನಿಂತವರಿಗೆ ಕಾಣುವುದಿಲ್ಲ ಅಷ್ಟೇ.

ಬುಡಾ ಕಡೆ ಇಳಿದರೆ ಒಂದು ಪುಟ್ಟ ವೃತ್ತ, ಅದಕ್ಕೆ ಆಡಂ ಕ್ಲಾರ್ಕನದೇ ಹೆಸರು. ಸೇತುವೆ ಮುಗಿದ ಮೇಲೂ ಅವನು ಇಲ್ಲೇ ಉಳಿದ, ಇಲ್ಲಿಯ ಹುಡುಗಿಯನ್ನೇ ಮದುವೆಯಾದ. ಎದುರಿನ ಗುಡ್ಡ ಕೊರೆದ ಸುರಂಗವೂ ಅವನದೇ ಕೆಲಸ. ಹಂಗೇರಿಯ ರಸ್ತೆಗಳ ದೂರ ಅಳೆಯುವ ಸೊನ್ನೆ ಕಿಲೋಮೀಟರ್ ಕಲ್ಲು ಇರುವುದೂ ಅಲ್ಲಿಯೇ.

ಗುಡ್ಡದ ಮೇಲಿನ ಫಿಶರ್‌ಮನ್ಸ್ ಬ್ಯಾಸ್ಟಿಯನ್ ಹೆಸರಿಗೆ ಕೋಟೆ. ಯುದ್ಧಕ್ಕೂ ಅದಕ್ಕೂ ಸಂಬಂಧ ಇಲ್ಲ. 1900ರ ಆಸುಪಾಸಿನಲ್ಲಿ ಚೆಂದಕ್ಕೆ ಅಂತ ಕಟ್ಟಿದ್ದು. ಇಲ್ಲಿಗೆ ಬಂದು ನೆಲೆಸಿದ ಏಳು ಮಗ್ಯಾರ್ ಬುಡಕಟ್ಟುಗಳ ನೆನಪಿಗೆ ಏಳು ಗೋಪುರ. ಫೋಟೋ ತೆಗೆಯುವವರ ನೂಕುನುಗ್ಗಲು ವಿಪರೀತ. ಅಲ್ಲಿಂದ ಆಚೆ ದಡದ ಸಂಸತ್ ಭವನ ಪೂರ್ತಿ ಕಾಣುತ್ತದೆ ಅನ್ನುವುದೊಂದೇ ಅದಕ್ಕೆ ಹೋಗಲು ಕಾರಣ, ನನ್ನ ಮಟ್ಟಿಗೆ.

ಆ ಭವನ ನಿಜಕ್ಕೂ ದೊಡ್ಡದು. 268 ಮೀಟರ್ ಉದ್ದ, 691 ಕೋಣೆ. ಗುಮ್ಮಟದ ಎತ್ತರ 96 ಮೀಟರ್. ಮಗ್ಯಾರರು ಬಂದರೆನ್ನುವ 896ನೇ ಇಸವಿಯ ಲೆಕ್ಕ ಅದು. ಸೇಂಟ್ ಸ್ಟೀಫನ್ ಬೆಸಿಲಿಕಾ ಕೂಡ ಅಷ್ಟೇ ಎತ್ತರ. ದೇವರೂ ಸರ್ಕಾರವೂ ಸಮ ಸಮ! ನಕ್ಷೆ ಮಾಡಿದ ಇಮ್ರೆ ಷ್ಟೈಂಡಲ್‌ಗೆ ಕೊನೆಗಾಲದಲ್ಲಿ ಕಣ್ಣು ಹೋಯಿತು. 1902ರಲ್ಲಿ, ಕಟ್ಟಡ ಪೂರ್ತಿ ಮುಗಿಯುವ ಮೊದಲೇ ತೀರಿಕೊಂಡ. "ಅಲಂಕಾರ ಜಾಸ್ತಿಯಾಯ್ತು" ಅಂತ ಗೆಳತಿ ಮೂಗು ಮುರಿದಳು. ರಾತ್ರಿ ಹಳದಿ ದೀಪ ಹಾಕಿದಾಗ ಅವಳೇ ಜಾಸ್ತಿ ಫೋಟೋ ತೆಗೆದಳು.

ಸಂಸತ್ತಿನಿಂದ ದಕ್ಷಿಣಕ್ಕೆ ಸ್ವಲ್ಪ ನಡೆದರೆ ನದಿಯ ಅಂಚಿನಲ್ಲಿ ಕಬ್ಬಿಣದ ಚಪ್ಪಲಿ, ಬೂಟುಗಳು ಸಾಲಾಗಿ ಬಿದ್ದಿವೆ. 60 ಜೊತೆ. ಗಂಡಸರವು, ಹೆಂಗಸರವು, ಮಕ್ಕಳವು. 1944-45ರ ಚಳಿಗಾಲದಲ್ಲಿ ಆರೋ ಕ್ರಾಸ್ ಎಂಬ ಹಂಗೇರಿಯ ನಾಜಿ ಪಕ್ಷದವರು ಯೆಹೂದಿಗಳನ್ನು ಈ ದಡಕ್ಕೆ ತಂದು, ಕಾಲಿನದನ್ನು ಬಿಚ್ಚಿಸಿ, ಗುಂಡು ಹೊಡೆದು ನದಿಗೆ ಬೀಳಿಸಿದರು. ಬೂಟು ಬಿಚ್ಚಿಸಿದ್ದು ಯಾಕೆ? ಯುದ್ಧಕಾಲದಲ್ಲಿ ಅದಕ್ಕೆ ಬೆಲೆ ಇತ್ತು, ಅದಕ್ಕೆ. ಈ ಸ್ಮಾರಕ ಇಟ್ಟದ್ದು 2005ರಲ್ಲಿ. ಯಾರೋ ಒಂದು ಮಗುವಿನ ಬೂಟಿನೊಳಗೆ ಹೂವು ಇಟ್ಟಿದ್ದರು. ಪಕ್ಕದಲ್ಲೇ ಇಬ್ಬರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನನಗೆ ಸಿಟ್ಟು ಬಂತು. ಗೆಳತಿ ಮಾತಾಡದೆ ಮುಂದೆ ನಡೆದಳು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾವಿಬ್ಬರೂ ಸಸ್ಯಾಹಾರಿಗಳು, ಇದು ಮಾಂಸದ ನಾಡು. 1897ರ ದೊಡ್ಡ ಮಾರುಕಟ್ಟೆಯ ಮಹಡಿಯಲ್ಲಿ ಲಾಂಗೋಷ್ ಸಿಕ್ಕಿತು. ಹುದುಗು ಬಂದ ಹಿಟ್ಟನ್ನು ಅಗಲಕ್ಕೆ ಚಾಚಿ ಎಣ್ಣೆಯಲ್ಲಿ ಕರಿದು, ಬೆಳ್ಳುಳ್ಳಿ ಸವರಿ, ಹುಳಿ ಕೆನೆ, ಚೀಸ್ ಹಾಕಿ ಕೊಡುತ್ತಾರೆ. ಒಂದನ್ನು ಇಬ್ಬರು ತಿಂದರೂ ಸಂಜೆವರೆಗೆ ಹಸಿವಾಗಲಿಲ್ಲ. ಹುಳಿ ಚೆರ್ರಿಯ ತಣ್ಣನೆ ಸೂಪನ್ನು ಮಾತ್ರ ಮರೆಯಬೇಡಿ. ಬಿಲ್ಲು ಸಾವಿರಗಳಲ್ಲಿ ಬಂದರೆ ಗಾಬರಿ ಬೇಡ, ಅದು ಫೋರಿಂಟ್, ಯೂರೋ ಅಲ್ಲ.

ಒಂದು ಮಧ್ಯಾಹ್ನ ಸೆಚೆನಿ ಸ್ನಾನಗೃಹಕ್ಕೆ ಹೋದೆವು. ಹೋಗಿದ್ದು 1896ರಲ್ಲಿ ಶುರುವಾದ ಹಳೇ ಮೆಟ್ರೋದಲ್ಲಿ. ರಸ್ತೆಯಿಂದ ನಾಲ್ಕಾರು ಮೆಟ್ಟಿಲು ಇಳಿದರೆ ಪ್ಲಾಟ್‌ಫಾರ್ಮ್, ಹಳದಿ ಬಣ್ಣದ ಪುಟ್ಟ ಬೋಗಿಗಳು. ಸ್ನಾನಗೃಹದ ಬಿಸಿನೀರು ಸಾವಿರ ಮೀಟರಿಗೂ ಆಳದಿಂದ ತಾನಾಗಿ ಬಿಸಿಯಾಗಿಯೇ ಬರುತ್ತದೆ. ಎದೆಮಟ್ಟ ನೀರಿನಲ್ಲಿ ಮುದುಕರು ಚೆಸ್ ಆಡುತ್ತಾರೆ ಅಂತ ಓದಿದ್ದೆ. ನಿಜವಾಗಿ ಆಡುತ್ತಿದ್ದರು.

ಬುಡಾ ದಡದಲ್ಲಿ ಸಿಲಾಗಿ ದೆಜೋ ಎಂಬ ಚೌಕ ಇದೆ. ಕೆಂಪು ಇಟ್ಟಿಗೆಯ ಚರ್ಚು, ನದಿಯ ಪಕ್ಕದಲ್ಲೇ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ 1913ರಲ್ಲಿ ಹುಟ್ಟಿದ್ದು ಈ ಚೌಕದ ಮನೆಯಲ್ಲಿ. ತಾಯಿ ಹಂಗೇರಿಯ ಗಾಯಕಿ, ತಂದೆ ಪಂಜಾಬಿ. ಎಂಟು ವರ್ಷದವಳಾಗುವವರೆಗೆ ಅಮೃತಾ ಬೆಳೆದದ್ದು ಈ ದೇಶದಲ್ಲಿ. ಪ್ರವಾಸಿಗಳು ಯಾರೂ ಇರಲಿಲ್ಲ. ನನಗೆ ಆ ಚೌಕ ಅರಮನೆಗಿಂತ ಇಷ್ಟವಾಯಿತು.

ಉಳಿದ ಹೊತ್ತೆಲ್ಲ ಸೇತುವೆಗಳಿಗೆ. ಇಲ್ಲಿ ಹಳೆಯದಾಗಿ ಕಾಣುವ ಸೇತುವೆಗಳನ್ನು ಎರಡನೇ ಮಹಾಯುದ್ಧದ ನಂತರ ಮತ್ತೆ ಕಟ್ಟಿದ್ದಾರೆ. 1945ರ ಜನವರಿಯಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಉಳಿದಿದ್ದ ಸೇತುವೆಗಳನ್ನೆಲ್ಲ ಸ್ಫೋಟಿಸಿತು. ಮಾರ್ಗರೆಟ್ ಸೇತುವೆ ಅದಕ್ಕೂ ಮೊದಲೇ, 1944ರ ನವೆಂಬರಿನಲ್ಲಿ, ಹಾಡಹಗಲೇ ಜನ ಓಡಾಡುತ್ತಿರುವಾಗ ಸಿಡಿದಿತ್ತು. ಚೈನ್ ಬ್ರಿಜ್ ಮತ್ತೆ ತೆರೆದದ್ದು 1949ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ. ಎಲಿಜಬೆತ್ ಸೇತುವೆಯನ್ನು ಮಾತ್ರ ಹಳೇ ರೂಪದಲ್ಲಿ ಕಟ್ಟಲಿಲ್ಲ. 1964ರಲ್ಲಿ ಬಂದದ್ದು ಪೂರ್ತಿ ಬೇರೆ, ಬಿಳಿ ಬಣ್ಣದ, ಕೇಬಲ್ಲಿನ ತೂಗುಸೇತುವೆ. ಗೆಳತಿಯ ಪ್ರಕಾರ ಊರಲ್ಲಿ ಅದೇ ಶ್ರೇಷ್ಠ. "ಒಂದು ಗೆರೆ ಜಾಸ್ತಿ ಇಲ್ಲ ನೋಡು" ಅಂದಳು. ನನಗೆ ಬೋಳು ಬೋಳು ಅನ್ನಿಸಿತು.

ನನ್ನ ಓಟು ಹಸಿರು ಬಣ್ಣದ ಲಿಬರ್ಟಿ ಸೇತುವೆಗೆ. 1896ರಲ್ಲಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ಕೊನೆಯ ಬೆಳ್ಳಿಯ ರಿವೆಟ್ ಹೊಡೆದು ಉದ್ಘಾಟಿಸಿದ್ದು. ಕಂಬಗಳ ತುದಿಯಲ್ಲಿ ತುರುಲ್ ಎಂಬ ಪುರಾಣದ ಹಕ್ಕಿ. ಸಂಜೆ ಹುಡುಗ ಹುಡುಗಿಯರು ಬಿಯರು, ಪುಸ್ತಕ, ಗಿಟಾರು ಹಿಡಿದು ಅದರ ಇಳಿಜಾರು ಕಬ್ಬಿಣದ ತೊಲೆ ಹತ್ತಿ ಕೂರುತ್ತಾರೆ. ಕೆಳಗೆ ಟ್ರಾಮು ಹೋಗುವಾಗ ಇಡೀ ಸೇತುವೆ ನಡುಗುತ್ತದೆ. ಗೆಳತಿಯೂ ಬ್ಯಾಗು ನನ್ನ ಕೈಗೆ ಕೊಟ್ಟು ಹತ್ತತೊಡಗಿದಳು.

"ಇಂಜಿನಿಯರಾಗಿ ನೀನೇ ಹೀಗೆ ಮಾಡಿದ್ರೆ ಹೇಗೆ?" ಅಂದೆ.

"ಎಷ್ಟು ಭಾರ ತಡೆಯುತ್ತೆ ಅಂತ ಲೆಕ್ಕ ಗೊತ್ತಿರೋದಕ್ಕೇ ಹತ್ತುತ್ತಾ ಇದ್ದೀನಿ. ನೀನೂ ಬಾರೇ" ಅಂದಳು.