ಬಿಳಿ ಹಾವು ಕೊನೆಗೂ ಬೆಳ್ಳಗಾಯಿತು

ನೆರಳು ಅಂದರೇನೇ ಕಪ್ಪು. ನಮ್ಮ ನೆರಳುಗೊಂಬೆ ಆಟಕ್ಕೆ ನಾವು ಆರಿಸಿಕೊಂಡ ಚೀನಾದ ಕಥೆಯ ಹೆಸರು ಬಿಳಿ ಹಾವು. ತಂಡದಲ್ಲಿ ಆರು ಜನ ಇದ್ದೀವಿ, ಕಥೆ ಒಪ್ಪಿಕೊಂಡ ದಿನ ಒಬ್ಬರಿಗೂ ಈ ತಾಪತ್ರಯ ಹೊಳೆಯಲಿಲ್ಲ ನೋಡಿ. ಮೂರು ವಾರ ಅದೇ ನನ್ನ ತಲೆ ತಿಂತು. ನಿನ್ನೆ ರಾತ್ರಿ ಹತ್ತೂವರೆಗೆ ಬಗೆಹರಿಯಿತು. ಖುಷಿ ತಣ್ಣಗಾಗುವ ಮೊದಲೇ ಬರೆಯುತ್ತಿದ್ದೇನೆ.

ಕಥೆಯ ನಾಯಕಿ ಬೈ ಸುಝೆನ್, ಹೆಣ್ಣಿನ ರೂಪ ತಾಳಿದ ಬಿಳಿ ಹಾವು. ಆಕೆ ಹೆಣ್ಣಾಗಿರುವಾಗಿನ ಗೊಂಬೆ ಹೋದ ತಿಂಗಳೇ ಮುಗಿದಿತ್ತು. ಚೀನಾದವರ ಹಾಗೆ ಹನ್ನೊಂದು ತುಂಡು, ಮೂರು ಕಡ್ಡಿ. ಕೊರೆಯೋದು, ಬಣ್ಣ, ದಾರದ ಗಂಟು ಇದನ್ನೆಲ್ಲ ಇಲ್ಲಿ ಬರೆಯಲ್ಲ. ಮುಖ ಮಾತ್ರ ಚೆನ್ನಾಗಿ ಬಂದಿದೆ. ಹೆಣ್ಣುಪಾತ್ರದ ಮುಖವನ್ನು ಅವರು ಪೂರ್ತಿ ಕೊರೆದು ತೆಗೆದು, ಹುಬ್ಬು, ಕಣ್ಣು, ಮೂಗಿನ ಗೆರೆ, ತುಟಿ ಅಷ್ಟೇ ಉಳಿಸುತ್ತಾರೆ. ಉಳಿದ ಜಾಗದಲ್ಲಿ ಬೆಳಕು ನೇರ ಬರುವುದರಿಂದ ಮುಖ ಬೆಳ್ಳಗೆ ಕಾಣುತ್ತದೆ. ನನ್ನ ಕೈಲಿ ಆ ಮೂಗು ಎರಡು ಸಲ ಮುರಿಯಿತು.

ಗೋಳು ಶುರುವಾದದ್ದು ಮಂಚದ ದೃಶ್ಯದಲ್ಲಿ. ನಮ್ಮ ಜನಪದ ಕಥೆಯಲ್ಲಿ ಹಾವು ಗಂಡನ ರೂಪದಲ್ಲಿ ಬಂದರೆ, ಇಲ್ಲಿ ಹೆಂಡತಿಯೇ ಹಾವು. ಚೀನೀ ಪಂಚಾಂಗದ ಐದನೇ ತಿಂಗಳ ಐದನೇ ದಿನ, ದೋಣಿ ಹಬ್ಬ. ಗಂಡ ಷು ಶಿಯಾನ್ ಆಕೆಗೆ ಮನಃಶಿಲೆ ಬೆರೆಸಿದ ಮದ್ಯ ಕುಡಿಸುತ್ತಾನೆ. ಹಾವು, ಹುಳಹುಪ್ಪಟೆ ಹತ್ತಿರ ಬರದಿರಲಿ ಅಂತ ಆ ಹಬ್ಬದಲ್ಲಿ ಅದನ್ನು ಕುಡಿಯುವ ರೂಢಿ ಇತ್ತು. ಆಕೆ ಹೋಗಿ ಮಲಗುತ್ತಾಳೆ. ಅವನು ಮಂಚದ ಪರದೆ ಸರಿಸಿದರೆ ಒಳಗೆ ಬಿಳಿ ಹಾವು. ನೋಡಿದವನೇ ಹೆದರಿ ಸಾಯುತ್ತಾನೆ. (ಮನಃಶಿಲೆ ಅಂದರೆ ಪಾಷಾಣದ ಅದಿರು. ಸಾಮಾನು ಹೊಂದಿಸುವ ಹುಡುಗ "ಗ್ರಂಧಿಗೆ ಅಂಗಡೀಲಿ ಕೇಳ್ಲಾ?" ಅಂದ. ನೆರಳಿನ ಬಟ್ಟಲಿಗೆ ನೀರೂ ಬೇಡ ಕಣಪ್ಪ ಅಂತ ಕೂರಿಸಿದೆ.)

ಮೊದಲು ಒಂಬತ್ತು ಕೀಲಿನ ಹಾವು ಮಾಡಿದೆ. ಚೆನ್ನಾಗಿಯೇ ಬಳುಕಿತು, ಆದರೆ ಪರದೆ ಮೇಲೆ ಅಪ್ಪಟ ಕೇರೆ ಹಾವು. ಸರಿ, ತೆಳು ಚರ್ಮ ತಂದರೆ ಬೆಳಕು ಹಾಯುತ್ತೆ ಅಂತ ಮದ್ದಲೆಗೆ ಚರ್ಮ ಕೊಡುವವರೊಬ್ಬರ ಹತ್ತಿರ ಆಡಿನ ಚರ್ಮ ಕೇಳಿದೆ. "ಗಾಜಿನ ಥರ ಇರುತ್ತೆ ಸಾರ್" ಅಂದರು. ಬಂದದ್ದು ಒಂದು ಮೂಲೆಯಲ್ಲಿ ಕೂದಲು ಹಾಗೇ ಇದ್ದ, ಇಡೀ ಮನೆ ನಾರುವಂಥ ಹಾಳೆ. ಒಣಗಿದರೆ ಸರಿಹೋಗುತ್ತೆ ಅಂದರು. ಒಣಗಿ ಹಪ್ಪಳದ ಹಾಗೆ ಮುರುಟಿಕೊಂಡಿತು. ಗಾಜಿನ ಚೂರು ಹಿಡಿದು ಮೂರು ಸಂಜೆ ಕೆರೆದೆ. ಕೆರೆದು, ಕತ್ತರಿಸಿ, ಪರದೆಗೆ ಹಿಡಿದರೆ ಹದವಾಗಿ ಬೆಂದ ದೋಸೆಯ ಬಣ್ಣ!

ಅದೇ ದಿನ ಲೈಟಿನವನು ಹಳೆ ಬಲ್ಬು ತೆಗೆದು, ಮೇಲಿನ ಬಿಳಿ ಬುರುಡೆ ಕಿತ್ತ ಎಲ್‌ಇಡಿ ಬಲ್ಬು ಹಾಕಿದ. ಅದರಲ್ಲಿ ಬೆಳಕು ಕೊಡುವ ಚಿಪ್‌ಗಳು ಒಂದು ಸುತ್ತು, ಒಂದೊಂದಕ್ಕೂ ಒಂದೊಂದು ನೆರಳು. ಹಾವಿನ ತಲೆ ಐದಾಯಿತು. "ನಾಗರಪಂಚಮಿ ಮುಗೀತಲ್ಲ, ಆದಿಶೇಷ ಯಾಕೆ ಬಂದ?" ಅಂದರು ನಿರ್ದೇಶನ ಮಾಡುತ್ತಿರುವ ಅಕ್ಕ. ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಒಂದೇ ಚಿಪ್‌ನದು ತಂದ ಮೇಲೆ ನೆರಳಿನ ಅಂಚು ಚೂಪಾಯಿತು. ಹಾವು ಮಾತ್ರ ದೋಸೆಯಾಗಿಯೇ ಉಳಿಯಿತು.

ಆಮೇಲೆ ಸುಮ್ನೆ ಖಾಲಿ ಪರದೆ ನೋಡುತ್ತಾ ಕೂತೆ. ಪರದೆ ಮೇಲೆ ಬರಿ ಬೆಳಕಿಗಿಂತ ಬೆಳ್ಳಗಿನದು ಏನೂ ಇರಲಾರದು. ಅಂದರೆ ಹಾವು ಬರಿ ತೂತು ಆಗಿರಬೇಕು, ಅದರ ಸುತ್ತ ಕತ್ತಲು ಇರಬೇಕು. ಸುಝೆನ್ ಮುಖ ಕೊರೆದವನಿಗೆ ಇದು ತಿಂಗಳ ಹಿಂದೆಯೇ ಹೊಳೆಯಬೇಕಿತ್ತು, ಅಲ್ವಾ?

ಕಡುನೀಲಿ ಜಿಲೆಟಿನ್ ಪೇಪರಿನಲ್ಲಿ ಹಾವಿನ ಆಕಾರ ಕತ್ತರಿಸಿದೆ. ಬೆಳ್ಳಗೆ ಬಂತು! ಆದರೆ ಮುಟ್ಟಿದರೆ ಚಿಪ್ಸ್ ಪ್ಯಾಕೆಟ್ ಸದ್ದು. ನಾಟಕದ ಲೈಟಿಗೆ ಹಾಕುವ ದಪ್ಪ ಹಾಳೆ ತಂದ ಮೇಲೆ ಸದ್ದು ನಿಂತಿತು, ಜೇಬೂ ತಣ್ಣಗಾಯಿತು. ಈಗ ಹಾವನ್ನು ಕ್ಷಣ ಬರುವ ತನಕ ಮುಚ್ಚಿಡಬೇಕಲ್ಲ? ಮೇಲೆ ಇನ್ನೊಂದು ನೀಲಿ ಹಾಳೆ ಇಟ್ಟೆ. ಸುತ್ತ ಎರಡು ಪದರ, ಹಾವಿನ ಜಾಗದಲ್ಲಿ ಒಂದೇ ಪದರ. ತಿಳಿನೀಲಿ ಹಾವು ಆಗಲೇ ಕಾಣುತ್ತಿದೆ. ಹಾವಿನ ಆಕಾರದ್ದೇ ಮುಚ್ಚಳ ಮಾಡಿದೆ. ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಸೋರಿತು. ಹಾಲ್‌ನ ವಾಚ್‌ಮನ್ ಮಗಳು ದಿನಾ ಮುಂದಿನ ಕುರ್ಚಿಯಲ್ಲಿ ಕೂರುತ್ತಾಳೆ. "ಅಂಕಲ್, ಹಾವು ಕಾಣ್ತಿದೆ" ಅಂದಳು. ನಾಲ್ಕು ದಿನ, ನಾಲ್ಕು ಮುಚ್ಚಳ, ದಿನಕ್ಕೊಂದು ಸಲ ಅದೇ ಮಾತು.

ನಿನ್ನೆ ಅಕ್ಕ ಬೇಜಾರಾಗಿ ಆ ದೃಶ್ಯ ಜೋರಾಗಿ ಓದಿದರು. "ಅವನು ಮಂಚದ ಪರದೆ ಸರಿಸಿದ." ಓದು ನಿಲ್ಲಿಸಿ ನನ್ನ ಮುಖ ನೋಡಿದರು.

ಕಥೆಯಲ್ಲೇ ಪರದೆ ಇದೆ. ಪಾರದರ್ಶಕ ಮುಚ್ಚಳ ಯಾವ ಸುಖಕ್ಕೆ? ಕರಿ ರಟ್ಟಿನಲ್ಲಿ ಮಂಚದ ಪರದೆ ಕತ್ತರಿಸಿ, ಅಂಚಿಗೆ ನಾಲ್ಕು ಹೂವು ಕೊರೆದು, ನೀಲಿ ಹಾಳೆಯ ಮುಂದೆ ಜಾರಿಸುವ ಹಾಗೆ ಮಾಡಿದ್ದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಷು ಶಿಯಾನ್ ಗೊಂಬೆಯ ಕೈ ರಟ್ಟಿಗೆ ತಾಗಿತು, ರಟ್ಟು ಸರಿಯಿತು, ಕಡುನೀಲಿಯ ನಡುವೆ ಹಾವು ಬೆಳ್ಳಗೆ ಹೊಳೆಯಿತು. ಹುಡುಗಿ ಏನೂ ಹೇಳಲಿಲ್ಲ. ಕಾಲು ಕುರ್ಚಿ ಮೇಲೆ ಎಳೆದುಕೊಂಡಳು.

ಹಾವು ಸತ್ತಂತೆ ಬಿದ್ದಿತ್ತು, ಅದೊಂದು ಕೊರತೆ. ಹೊಟ್ಟೆಯನ್ನು ಒಂದೇ ದೊಡ್ಡ ತೂತಾಗಿ ಬಿಡದೆ ಪೊರೆ ಪೊರೆಯಾಗಿ ಕೊರೆದು, ಹಿಂದೆ ಓರೆ ಗೆರೆ ಎಳೆದ ಪಾರದರ್ಶಕ ಪ್ಲಾಸ್ಟಿಕ್ಕಿನ ಒಎಚ್‌ಪಿ ಶೀಟ್ ಇಟ್ಟೆ. ಶೀಟನ್ನು ಬೆರಳಷ್ಟು ಎಳೆದರೆ ಬೆಳಕು ತಲೆಯಿಂದ ಬಾಲದ ತನಕ ಹರಿಯುತ್ತದೆ. ಗೆರೆ ಜಾಸ್ತಿ ಹತ್ತಿರವಾದರೆ ಎಲ್ಲ ಮಂಜು. ಪೊರೆಗಳ ನಡುವಿನ ಅಂತರ ಮತ್ತು ಗೆರೆಗಳ ಅಂತರ ಹೆಚ್ಚು ಕಡಿಮೆ ಒಂದೇ ಇರಬೇಕು, ಪೂರ್ತಿ ಒಂದೇ ಇರಬಾರದು. ನೀವೇ ಮಾಡಿ ನೋಡಿ.

ಇದು ಸಿಕ್ಕಿದ ಮೇಲೆ ತಲೆ ಮುಂದಿನ ನಾಟಕಕ್ಕೆ ಓಡಿದೆ. ದನ ಕಾಯುವವನು ಮತ್ತು ನೇಯುವ ಹುಡುಗಿಯ ಚೀನೀ ಕಥೆ ಗೊತ್ತಲ್ಲ? ದೂರವಾದ ಆ ಇಬ್ಬರು ಸೇರಲಿ ಅಂತ ಏಳನೇ ತಿಂಗಳ ಏಳನೇ ದಿನ ಮ್ಯಾಗ್‌ಪೈ ಹಕ್ಕಿಗಳು ಆಕಾಶಗಂಗೆಗೆ ಸೇತುವೆ ಕಟ್ಟುತ್ತವೆ. ಅಷ್ಟೂ ರೆಕ್ಕೆ ಒಂದೇ ಶೀಟ್ ಎಳೆದು ಬಡಿಸಬಹುದು. ಹತ್ತು ಶೀಟ್ ಜಾಸ್ತಿ ತಂದಿಟ್ಟಿದ್ದೇನೆ. ಅಕ್ಕನಿಗೆ ಹೇಳಿಲ್ಲ.

ಏಕೆಂದರೆ ಇನ್ನೂ ಗೋಪುರ ಬಾಕಿ. ಬಿಳಿ ಹಾವಿನ ಕಥೆಯಲ್ಲಿ ಸನ್ಯಾಸಿ ಫಾಹಾಯ್ ಸುಝೆನ್‌ಳನ್ನು ಅಡಿಯಲ್ಲಿ ಹೂತಿಡುವ ಲೈಫೆಂಗ್ ಗೋಪುರ. ಹಾಂಗ್‌ಝೌನ ಪಶ್ಚಿಮ ಸರೋವರದ ದಡದಲ್ಲಿದ್ದ ನಿಜವಾದ ಗೋಪುರ 1924ರ ಸೆಪ್ಟೆಂಬರಿನಲ್ಲಿ ಕುಸಿದುಬಿತ್ತು. ಇಟ್ಟಿಗೆ ಮನೆಗೆ ಒಳ್ಳೆಯದು ಮಾಡುತ್ತೆ ಅಂತ ಜನ ಒಂದೊಂದೇ ಕಿತ್ತು ಒಯ್ದು ಬುಡ ಸಡಿಲವಾಗಿತ್ತಂತೆ. 2002ರಲ್ಲಿ ಅಲ್ಲೇ ಹೊಸದು ಎದ್ದಿತು. ಅದಕ್ಕೇ ನಮ್ಮ ಗೋಪುರವನ್ನೂ ಇಟ್ಟಿಗೆಗೊಂದು ದಾರ ಕಟ್ಟಿ ಬುಡದಿಂದ ಬೀಳಿಸೋಣ ಅಂತ ಹಟ ಹಿಡಿದೆ. ನಿನ್ನೆಯ ರಿಹರ್ಸಲ್‌ನಲ್ಲಿ ಬೀಳಬೇಕಾದಾಗ ದಾರ ಸಿಕ್ಕಿಕೊಂಡು ಗಟ್ಟಿಯಾಗಿ ನಿಂತಿತು. ಇವತ್ತು ಸರಿಮಾಡಿದೆ. ಮದುವೆಯ ದೃಶ್ಯದಲ್ಲಿ ಬಿತ್ತು.